ಸದ್ದು ಮಂದವಾದ ವಾರ

ಸದ್ದು ಕಡಿಮೆಯಾಗಿದೆಯೋ, ಇಲ್ಲ ತನ್ನ ಕಿವಿಯೇ ಮಂದವಾಗುತ್ತಿದೆಯೋ? ಕೊಸ್ತಾಕೆ ಸಾರಿನಲ್ಲಿ ಅದ್ದಿದ ಚಮಚವನ್ನು ಎತ್ತದೆ ಹಾಗೇ ಹಿಡಿದು ಕೂತ. ವಯಸ್ಸು ಅರವತ್ತಕ್ಕೆ ಒಂದು ಕಡಿಮೆ. ಕಿವಿ ಮಂದವಾದರೆ ಆಶ್ಚರ್ಯವೇನೂ ಇಲ್ಲ. ಆದರೆ ಅವತ್ತು ಬೆಳಿಗ್ಗೆ ತಾನೇ ಹಿತ್ತಲಿನ ಹನ್ನೆರಡು ಜೇನುಪೆಟ್ಟಿಗೆಗಳಿಗೂ ಕಿವಿಯಿಟ್ಟು ಬಂದಿದ್ದ. ಬೆರಳ ಗೆಣ್ಣಿನಿಂದ ಒಮ್ಮೆ ಕುಟ್ಟಿದರೆ ಒಳಗಿನ ಹುಳುಗಳು ಗುಂಯ್ ಎಂದು ಒಂದೇ ಉಸಿರಿಗೆ ಉತ್ತರ ಕೊಟ್ಟು ಸುಮ್ಮನಾಗಬೇಕು. ಏಳನೆಯ ಪೆಟ್ಟಿಗೆ ಮಾತ್ರ ಸುಮ್ಮನಾಗದೆ ಕೊರಗುತ್ತಲೇ ಇತ್ತು. ಅದರ ರಾಣಿ ಚಳಿಗಾಲದಲ್ಲಿ ಸತ್ತಿದೆ ಎಂದು ಅವನಿಗೆ ಅಷ್ಟರಲ್ಲೇ ಗೊತ್ತಾಗಿತ್ತು. ಅಂಥ ಕಿವಿಗೆ ಮೇಜಿನ ಆಚೆ ಕೂತ ಹೆಂಡತಿಯ ಎದೆಯ ಸದ್ದು ಕೇಳಿಸದೆ ಹೋಗುತ್ತದೆಯೇ?

ಸವೇತಾ ಕೈಗೆ ಹಳೇ ಕಾಲುಚೀಲ ಹಾಕಿಕೊಂಡು ತುರಚೆ ಸೊಪ್ಪು ಬಿಡಿಸುತ್ತಿದ್ದಳು. ಬರಿಗೈಯಲ್ಲಿ ಮುಟ್ಟಿದರೆ ಉರಿ ಹತ್ತುವ ಸೊಪ್ಪು ಅದು.

"ಏನ್ ಹಾಗೆ ನೋಡ್ತಿದ್ದೀಯ? ಉಪ್ಪು ಕಡಿಮೆಯಾಯ್ತಾ?" ಎಂದಳು.

"ಏನಿಲ್ಲ."

"ಏನಿಲ್ಲ ಅನ್ನೋದು ಬಿಟ್ಟು ಬೇರೆ ಮಾತು ಕಲಿ ಮಾರಾಯ. ಮೂವತ್ನಾಲ್ಕು ವರ್ಷದಿಂದ ಅದನ್ನೇ ಕೇಳ್ತಿದ್ದೀನಿ."

ಅವನು ಸಾರು ಕುಡಿದು ಎದ್ದು ಹೋದ. ಅದು ಸೋಮವಾರ.

ಸವೇತಾಳ ಎದೆಯಲ್ಲಿ ಸದ್ದು ಬಂದು ಸೇರಿದ್ದು ನಾಲ್ಕು ವರ್ಷದ ಕೆಳಗೆ. ಚಿಕ್ಕಂದಿನಲ್ಲಿ ಅವಳಿಗೆ ಗಂಟಲುನೋವು ಬಂದು, ಅದರ ಹಿಂದೆಯೇ ಕೀಲುಗಳು ಊದಿ, ಜ್ವರ ಬಂದು ಹೋಗಿತ್ತು. ಎಲ್ಲರೂ ಮರೆತರು. ಆ ಜ್ವರ ಮಾತ್ರ ಅವಳ ಹೃದಯದ ಒಂದು ಕವಾಟವನ್ನು ಒಳಗೊಳಗೇ ಹಾಳುಮಾಡುತ್ತ ಕೂತಿತ್ತು. ಐವತ್ತು ದಾಟಿದ ಮೇಲೆ ದಿಬ್ಬ ಹತ್ತಲಾಗದೆ, ಮಲಗಿದರೆ ಉಸಿರು ಕಟ್ಟಿ, ಕೊನೆಗೆ ದೊಡ್ಡ ಊರಿನ ಆಸ್ಪತ್ರೆಯಲ್ಲಿ ಎದೆ ತೆರೆದು ಹಾಳಾದ ಕವಾಟ ತೆಗೆದು ಲೋಹದ ಕವಾಟ ಕೂರಿಸಿದರು. ಊರಿನವರು ಅದನ್ನು ಕಬ್ಬಿಣದ ಬಾಗಿಲು ಅಂದರು. ಆ ಬಾಗಿಲು ಮುಚ್ಚಿದಾಗಲೆಲ್ಲ ಟಕ್ ಎನ್ನುತ್ತಿತ್ತು. ಮೊದಮೊದಲು ಕೊಸ್ತಾಕೆಗೆ ಮನೆಯಲ್ಲಿ ಕೂರಲಾಗುತ್ತಿರಲಿಲ್ಲ. ಸವೇತಾ ನಗುತ್ತಿದ್ದಳು. "ಇನ್ಮೇಲೆ ನಾನು ಬಚ್ಚಿಟ್ಕೊಳ್ಳೋ ಹಾಗಿಲ್ಲ ನೋಡು, ಎಲ್ಲಿದ್ರೂ ಸಿಕ್ಕಿಬೀಳ್ತೀನಿ."

ಬಿಡುಗಡೆಯ ದಿನ ವೈದ್ಯರು ಎರಡು ಮಾತು ಹೇಳಿದ್ದರು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು ದಿನವೂ ಸಂಜೆ ಒಂದೇ ಹೊತ್ತಿಗೆ ನುಂಗಬೇಕು, ಬದುಕಿರುವವರೆಗೂ. ಆ ಮಾತ್ರೆ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡಿಸಬೇಕು. ಮೊದಲನೆಯದನ್ನು ಸವೇತಾ ಒಂದು ದಿನವೂ ತಪ್ಪಿಸಿರಲಿಲ್ಲ. ಎರಡನೆಯದು ಆ ವರ್ಷ ಫೆಬ್ರವರಿಯಲ್ಲಿ ತಪ್ಪಿತು. ಹಿಮ ಬಿದ್ದು ಪೇಟೆಯ ಬಸ್ಸು ಹತ್ತು ದಿನ ಬರಲಿಲ್ಲ. ಬಸ್ಸು ಶುರುವಾದ ಮೇಲೆ ನಾಳೆ, ನಾಡಿದ್ದು ಎಂದು ದಿನ ಹೋದವು.

ಅಷ್ಟರಲ್ಲಿ ಈಸ್ಟರಿಗೆ ಮುಂಚಿನ ಏಳು ವಾರದ ಉಪವಾಸ ಬಂತು. ರೊಮೇನಿಯಾದ ಈ ಮೂಡಣ ಗುಡ್ಡಗಳಲ್ಲಿ ಆ ಏಳು ವಾರ ಮನೆಗಳಲ್ಲಿ ಮಾಂಸವಿಲ್ಲ, ಮೊಟ್ಟೆಯಿಲ್ಲ, ಹಾಲು ಗಿಣ್ಣುಗಳಿಲ್ಲ. ಕಾಯಿಲೆಯವರಿಗೆ ವಿನಾಯಿತಿಯುಂಟು. ಸವೇತಾಳಿಗೂ ಪಾದ್ರಿಗಳು ಮೂರು ವರ್ಷ ವಿನಾಯಿತಿ ಕೊಟ್ಟಿದ್ದರು. ಈ ವರ್ಷ ಅವಳೇ ಬೇಡವೆಂದಳು. "ಬದುಕಿ ಬಂದಿದ್ದೀನಿ, ಒಂದು ಉಪವಾಸ ಮಾಡೋಕಾಗಲ್ವಾ ನಂಗೆ? ದೇವರ ಮುಂದೆ ನಾಚಿಕೆಯಾಗುತ್ತೆ."

ಮಾರ್ಚಿನಲ್ಲಿ ಹಿಮ ಕರಗಿದ ಕೂಡಲೇ ಬೇಲಿ ಬದಿಯಲ್ಲಿ ಮೊದಲು ತಲೆಯೆತ್ತುವ ಹಸಿರು ತುರಚೆ. ಚಳಿಗಾಲದ ಕೊಳೆತ ರಕ್ತವನ್ನು ಅದು ತೊಳೆಯುತ್ತದೆ ಎಂದು ಅಜ್ಜಿಯಂದಿರು ಹೇಳಿಕೊಂಡು ಬಂದ ಮಾತು. ಪಕ್ಕದ ಮನೆಯ ಗ್ಲಾಫಿರಾ ಎಪ್ಪತ್ತರ ಮುದುಕಿ, ಊರಿನ ಎಲ್ಲ ನಾರುಬೇರಿನ ಮದ್ದಿನ ಖಜಾನೆ. ಅವಳೇ ಮೊದಲ ಬುಟ್ಟಿ ತಂದು ಮೇಜಿನ ಮೇಲೆ ಸುರಿದಳು.

"ಮಧ್ಯಾಹ್ನ ಹುಳಿ ಸಾರು ಮಾಡು, ಸಂಜೆ ಬೆಳ್ಳುಳ್ಳಿ ಹಾಕಿ ಅರೆದು ಮೆಕ್ಕೆಜೋಳದ ಮುದ್ದೆ ಜೊತೆ ತಿನ್ನು. ಬೆಳಿಗ್ಗೆ ಬರೀ ಹೊಟ್ಟೆಗೆ ಕಷಾಯ. ಒಂಬತ್ತು ದಿನ ಬಿಡದೆ ಕುಡಿದ್ರೆ ನಿನ್ನ ರಕ್ತ ಹೊಳೆ ನೀರಿನ ಹಾಗೆ ಹರಿಯುತ್ತೆ. ಆಮೇಲೆ ನಿನ್ನ ಆ ಮಾತ್ರೇನೂ ಬೇಡ, ಗೀತ್ರೇನೂ ಬೇಡ."

"ಮಾತ್ರೆ ಬಿಡಲ್ಲ ಗ್ಲಾಫಿರಕ್ಕ, ಡಾಕ್ಟರು ಕೊಂದು ಹಾಕ್ತಾರೆ" ಎಂದಳು ಸವೇತಾ. "ಎರಡೂ ತಗೊಂಡ್ರೆ ಇನ್ನೂ ಒಳ್ಳೇದೇ ಅಲ್ವಾ?"

ಎರಡೂ ಒಂದೇ ಕಡೆ ಎಳೆಯುತ್ತವೆ ಎಂದೇ ಅವಳು ನಂಬಿದ್ದಳು. ಕೊಸ್ತಾಕೆಯೂ ನಂಬಿದ. ಜೇನುಪೆಟ್ಟಿಗೆಗಳ ಹಿಂದೆ ತುರಚೆ ದಟ್ಟವಾಗಿ ಎದ್ದಿತ್ತು. ದಿನಾ ಬೆಳಿಗ್ಗೆ ಒಂದು ಚೀಲ ಕುಯ್ದು ತಂದು ಕೊಡುತ್ತಿದ್ದವನು ಅವನೇ. ಒಂಬತ್ತು ದಿನದ ಕಷಾಯ ಮೂರು ವಾರವಾಯಿತು.

ಮಂಗಳವಾರ ಒಲಿಂಪಿಯಾ ಬಂದಳು. ಮನೆಮನೆ ಸುತ್ತಿ ಕಾಯಿಲೆಯವರನ್ನು ವಿಚಾರಿಸುವ ಆರೋಗ್ಯ ಸಹಾಯಕಿ ಅವಳು. ಕೆಸರು ಮೆತ್ತಿದ ಬೂಟು ಬಾಗಿಲಲ್ಲೇ ಬಿಟ್ಟು, ರಕ್ತದೊತ್ತಡ ನೋಡುವ ಪಟ್ಟಿಯನ್ನು ಸವೇತಾಳ ತೋಳಿಗೆ ಸುತ್ತುತ್ತ, ಒಲೆಯ ಮೇಲಿನ ಪಾತ್ರೆಯತ್ತ ಮೂಗು ತಿರುಗಿಸಿದಳು.

"ತುರಚೇನಾ? ಎಷ್ಟು ದಿನದಿಂದ ತಿಂತಿದ್ದೀರಿ ಸವೇತಕ್ಕ?"

"ಉಪವಾಸ ಶುರುವಾದಾಗಿಂದ. ದಿನಾ."

"ದಿನಾ ಎಷ್ಟು ಸಲ?"

ಗ್ಲಾಫಿರಾ ಮೂಲೆಯ ಬೆಂಚಿನಿಂದಲೇ ಉತ್ತರ ಕೊಟ್ಟಳು. "ಮೂರು ಸಲ. ನಾನೇ ಹೇಳಿದ್ದು. ಯಾಕಮ್ಮ, ಇದಕ್ಕೂ ನಿಮ್ಮ ಸರ್ಕಾರದ ಚೀಟಿ ಬೇಕಾ?"

"ಕೊನೇ ಸಲ ರಕ್ತ ಪರೀಕ್ಷೆ ಮಾಡಿಸಿದ್ದು ಯಾವಾಗ?"

ಸವೇತಾ ಗಂಡನ ಮುಖ ನೋಡಿದಳು. ಕೊಸ್ತಾಕೆ ಕಿಟಕಿಯಾಚೆ ನೋಡಿದ.

"ಜನವರಿ" ಎಂದಳು ಸವೇತಾ.

ಒಲಿಂಪಿಯಾ ಪಟ್ಟಿ ಬಿಚ್ಚಿ ಮಡಚಿಟ್ಟಳು. "ನೋಡಿ ಅಕ್ಕ, ನೀವು ಹಾಲಿಗೆ ಹೆಪ್ಪು ಹಾಕ್ತೀರಲ್ಲ, ಒಂದು ಚೂರು ಸಾಕು, ಇಡೀ ಪಾತ್ರೆ ಗಟ್ಟಿಯಾಗುತ್ತೆ. ಹುಟ್ಟಿದಾಗಿಂದ ಇದ್ದ ಕವಾಟಕ್ಕೆ ರಕ್ತ ಅಂಟಲ್ಲ. ಈಗಿರೋದು ಹೊರಗಿಂದ ತಂದು ಕೂರಿಸಿದ್ದು. ಅದರ ಮೇಲೆ ರಕ್ತ ಹೆಪ್ಪುಗಟ್ಟೋಕೆ ಕಾಯ್ತಾ ಇರುತ್ತೆ. ಕಟ್ಟಬೇಡ ಅಂತ ತಡೀತಿರೋದು ನಿಮ್ಮ ಸಂಜೆ ಮಾತ್ರೆ. ಈ ಹಸಿರು ಸೊಪ್ಪು ಇದೆಯಲ್ಲ, ಅದರಲ್ಲಿ ರಕ್ತ ಹೆಪ್ಪುಗಟ್ಟೋಕೆ ಸಹಾಯ ಮಾಡೋ ಜೀವಸತ್ವ ಇದೆ. ಮಾತ್ರೆ ಒಂದು ಕಡೆ ಎಳೆದ್ರೆ ಸೊಪ್ಪು ಇನ್ನೊಂದು ಕಡೆ ಎಳೆಯುತ್ತೆ."

"ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಇದೇ ನೋಡು" ಗ್ಲಾಫಿರಾ ಕೈ ಕೊಡವಿದಳು. "ನಮ್ಮಜ್ಜಿ ಪ್ರತಿ ವರ್ಷ ಬುಟ್ಟಿಗಟ್ಟಲೆ ತುರಚೆ ತಿಂದು ತೊಂಬತ್ತಾರು ವರ್ಷ ಬದುಕಿದ್ಲು. ಸಾಯೋ ಹಿಂದಿನ ದಿನ ಕೂಡ ಸೊಸೆಗೆ ಬೈದಿದ್ಲು."

"ನಿಮ್ಮಜ್ಜಿ ಎದೆಯಲ್ಲಿ ಕಬ್ಬಿಣದ ಬಾಗಿಲಿತ್ತಾ ಗ್ಲಾಫಿರಕ್ಕ?"

"ನಾಲಿಗೆ ಇತ್ತಲ್ಲ, ಅದೇ ಕಬ್ಬಿಣದ್ದು."

ಎಲ್ಲರೂ ನಕ್ಕರು. ಸವೇತಾ ನಗುತ್ತ ನಗುತ್ತ ಒಮ್ಮೆ ಉಸಿರು ಎಳೆದುಕೊಂಡು ನಿಂತಳು. ಒಲಿಂಪಿಯಾ ಅದನ್ನು ನೋಡಿದಳು.

"ಸೊಪ್ಪು ತಿನ್ನಲೇಬೇಡಿ ಅಂತ ನಾನು ಹೇಳ್ತಿಲ್ಲ. ವರ್ಷ ಪೂರ್ತಿ ವಾರಕ್ಕೆ ಎರಡು ಸಲ ತಿಂತಿದ್ರೆ ಡಾಕ್ಟರು ಅದಕ್ಕೆ ತಕ್ಕ ಹಾಗೆ ಮಾತ್ರೆ ಲೆಕ್ಕ ಹಾಕಿರ್ತಾರೆ. ನೀವು ಇದ್ದಕ್ಕಿದ್ದ ಹಾಗೆ ದಿನಕ್ಕೆ ಮೂರು ಸಲ ತಿಂದ್ರೆ ಆ ಲೆಕ್ಕ ತಪ್ಪುತ್ತೆ. ಮಾತ್ರೆ ನುಂಗಿದ್ರೂ ನುಂಗದ ಹಾಗೆ. ಈಗ ಹೇಳಿ, ಉಸಿರು ಕಟ್ಟುತ್ತಾ?"

"ಉಪವಾಸ ಅಲ್ವಾ, ಸ್ವಲ್ಪ ಸುಸ್ತು."

"ಕವಾಟದ ಸದ್ದು ಮುಂಚಿನ ಹಾಗೇ ಇದೆಯಾ? ಮಂದವಾದ ಹಾಗೆ ಅನ್ನಿಸಿದ್ಯಾ?"

"ನಂಗೆ ಕೇಳಿಸೋದು ನಿಂತು ಎಷ್ಟೋ ಕಾಲ ಆಯ್ತಮ್ಮ, ಅಭ್ಯಾಸ ಆಗೋಯ್ತು. ಇವನನ್ನ ಕೇಳು. ಹುಳದ ಮಾತೇ ಕೇಳಿಸುತ್ತೆ ಇವನಿಗೆ."

ಒಲಿಂಪಿಯಾ ಅವನತ್ತ ತಿರುಗಿದಳು. ಎದೆಬಡಿತ ಕೇಳುವ ಕೊಳವೆ ಅವಳ ಚೀಲದಲ್ಲೇ ಇತ್ತು. ಅದನ್ನು ತೆಗೆಯಲು ಕೈ ಹಾಕಿದ್ದಳು ಕೂಡ. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಕೆಳಗಿನ ಕೇರಿಯ ಬಾಣಂತಿಗೆ ಜ್ವರವಂತೆ, ಕೂಡಲೇ ಬಾ ಅಂತ ಕರೆ.

"ಹೇಳಿ ಕೊಸ್ತಾಕಣ್ಣ. ನನ್ನ ಕೊಳವೆಗಿಂತ ನಿಮ್ಮ ಕಿವಿ ಚೆನ್ನಾಗಿದೆ. ಸದ್ದು ಹೇಗಿದೆ?"

"ಇದ್ದ ಹಾಗೇ ಇದೆ" ಎಂದ ಅವನು.

"ಸರಿ. ಗುರುವಾರ ಏಳು ಗಂಟೆ ಬಸ್ಸಿಗೆ ಹೋಗಿ ರಕ್ತ ಕೊಟ್ಟು ಬನ್ನಿ. ತಪ್ಪಿಸಬೇಡಿ, ನಾನು ಆವತ್ತೇ ಫೋನ್ ಮಾಡಿ ಕೇಳ್ತೀನಿ." ಅವಳು ಬೂಟಿಗೆ ಕಾಲು ತೂರಿಸುತ್ತ ಓಡಿದಳು.

ಯಾಕೆ ಹಾಗೆ ಹೇಳಿದೆ ಎಂದು ಕೊಸ್ತಾಕೆ ಆಮೇಲೆ ಎಷ್ಟೋ ಸಲ ತನ್ನನ್ನೇ ಕೇಳಿಕೊಂಡಿದ್ದಾನೆ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಬಾಯಿಗೆ ಮೊದಲು ಬಂದ ಮಾತು ಅದು. ಒಮ್ಮೆ ಹೊರಗೆ ಬಿದ್ದ ಮೇಲೆ ಅದನ್ನು ಹಿಂದಕ್ಕೆ ಕರೆಯಲು ಇನ್ನೊಂದು ಮಾತು ಬೇಕಿತ್ತು. ಅಂಥ ಎರಡನೆಯ ಮಾತು ಅವನಿಗೆ ಯಾವತ್ತೂ ಸುಲಭವಾಗಿ ಬಂದಿಲ್ಲ.

ಗುರುವಾರ ಬೆಳಗಾಗುತ್ತಲೇ ಬಿಸಿಲು ಬಂತು. ನಾಲ್ಕು ತಿಂಗಳು ಪೆಟ್ಟಿಗೆಯೊಳಗೇ ಮುದುಡಿದ್ದ ಹುಳುಗಳು ಮೊದಲ ಸಲ ಹೊರಗೆ ಹಾರುವ ದಿನ ಅದು. ವರ್ಷಕ್ಕೆ ಒಂದೇ ಸಲ ಬರುವ ದಿನ. ಅವು ಹಾರುವಾಗ ಪೆಟ್ಟಿಗೆಯ ತಳ ಕೆರೆದು ಸತ್ತ ಹುಳು ಗುಡಿಸಬೇಕು, ರಾಣಿಯಿಲ್ಲದ ಏಳನೆಯದನ್ನು ಎಂಟನೆಯದರ ಜೊತೆ ಸೇರಿಸಬೇಕು.

"ಬಸ್ಸಿಗೆ ಹೊತ್ತಾಯ್ತು" ಎಂದಳು ಸವೇತಾ, ತಲೆಗೆ ಬಟ್ಟೆ ಕಟ್ಟಿಕೊಂಡು ಸಿದ್ಧವಾಗಿ ನಿಂತು.

ಅವನು ಹಿತ್ತಲ ಕಡೆ ನೋಡಿದ. ಅವಳಿಗೆ ಅಷ್ಟು ಸಾಕಾಯಿತು.

"ಹೋಗ್ಲಿ ಬಿಡು, ಸೋಮವಾರ ಹೋಗೋಣ. ನಿನ್ನ ಹುಳಗಳು ನನ್ನ ಹಾಗಲ್ಲ, ಕಾಯಲ್ಲ ಅವು" ಎಂದು ಬಟ್ಟೆ ಬಿಚ್ಚಿದಳು. ಸಂಜೆ ಒಲಿಂಪಿಯಾಳ ಫೋನು ಬಂದಾಗಲೂ ಸೋಮವಾರ ಅಂದಳು. ಆ ಕಡೆಯಿಂದ ಬೈಗುಳ ಬಂತು. ಸವೇತಾ ಫೋನನ್ನು ಕಿವಿಯಿಂದ ದೂರ ಹಿಡಿದು ಗಂಡನಿಗೆ ಕಣ್ಣು ಹೊಡೆದಳು. ಬಾವಿಯಿಂದ ಅರ್ಧ ಕೊಡ ನೀರು ತರುವಾಗ ಅವಳು ಎರಡು ಸಲ ನಿಂತದ್ದನ್ನು ಅವನು ಕಂಡಿದ್ದ.

ಶುಕ್ರವಾರ ಮಧ್ಯಾಹ್ನ ಊಟಕ್ಕೆ ಗ್ಲಾಫಿರಾಳೂ ಇದ್ದಳು. ಸವೇತಾ ಯಾರದೋ ಮದುವೆಯ ಸುದ್ದಿ ಹೇಳುತ್ತಿದ್ದಳು. ಹೇಳುತ್ತ ಹೇಳುತ್ತ ಮಾತು ತೊದಲಿತು. ಚಮಚ ಕೈಯಿಂದ ಜಾರಿ ಮೇಜಿನ ಮೇಲೆ ಬಿತ್ತು. ಎತ್ತಲು ಹೋದಳು, ಬಲಗೈ ಏಳಲಿಲ್ಲ. ಅವಳು ಆ ಕೈಯನ್ನೇ ಬೇರೆ ಯಾರದೋ ಎಂಬಂತೆ ನೋಡಿದಳು. ಬಾಯಿ ಒಂದು ಪಕ್ಕಕ್ಕೆ ವಾಲಿತ್ತು.

"ಉಪವಾಸದ ತಲೆಸುತ್ತು! ಮಲಗಿಸು, ವಿನೆಗರ್ ತಿಕ್ಕೋಣ" ಎಂದಳು ಗ್ಲಾಫಿರಾ.

ಕೊಸ್ತಾಕೆ ಒಲಿಂಪಿಯಾಳಿಗೆ ಫೋನು ಮಾಡಿದ. ಅವಳು ಪೂರ್ತಿ ಕೇಳಿಸಿಕೊಳ್ಳಲಿಲ್ಲ. "ಏನೂ ಕುಡಿಸಬೇಡಿ, ಏನೂ ತಿಕ್ಕಬೇಡಿ, ಪಕ್ಕಕ್ಕೆ ಮಲಗಿಸಿ. ಆಂಬುಲೆನ್ಸಿಗೆ ನಾನು ಹೇಳ್ತೀನಿ. ಕೈ ಯಾವಾಗ ಬಿದ್ದುಹೋಯ್ತು? ಗಡಿಯಾರ ನೋಡಿ ಬರೆದಿಟ್ಕೊಳ್ಳಿ."

ಆಸ್ಪತ್ರೆಯಲ್ಲಿ ಒಬ್ಬ ಎಳೆಯ ವೈದ್ಯೆ ಅವನನ್ನು ಕೂರಿಸಿ ಹೇಳಿದಳು. ಸವೇತಾಳ ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಎಂದು ತೋರಿಸುವ ಅಳತೆ ಎರಡೂವರೆಯಿಂದ ಮೂರೂವರೆಯೊಳಗೆ ಇರಬೇಕಿತ್ತು. ಒಂದೂಕಾಲಕ್ಕೆ ಇಳಿದಿತ್ತು. ಅಂದರೆ ಮಾತ್ರೆಯ ಬಲ ಹೆಚ್ಚುಕಡಿಮೆ ಇರಲೇ ಇಲ್ಲ. ಕವಾಟದ ಒಂದು ರೆಕ್ಕೆಯ ಮೇಲೆ ರಕ್ತ ಹೆಪ್ಪುಗಟ್ಟಿ, ಅದು ಸರಿಯಾಗಿ ಮುಚ್ಚಲಾಗದೆ ಸಿಕ್ಕಿಕೊಂಡಿತ್ತು. ಆ ಹೆಪ್ಪಿನ ಒಂದು ಚೂರು ಕಿತ್ತು ಹೋಗಿ ಮಿದುಳಿನ ನಾಳವನ್ನು ಮುಚ್ಚಿತ್ತು.

"ಇದು ಒಂದೇ ದಿನಕ್ಕೆ ಕಟ್ಟಿದ್ದಲ್ಲ. ಸಾಮಾನ್ಯವಾಗಿ ಸದ್ದು ಮೊದಲೇ ಮಂದವಾಗುತ್ತೆ. ನೀವೇನಾದ್ರೂ ಗಮನಿಸಿದ್ರಾ?" ಎಂದು ಕೇಳಿದಳು.

"ಇಲ್ಲ" ಎಂದ ಕೊಸ್ತಾಕೆ.

ಎರಡನೆಯ ಸಲ ಎದೆ ತೆರೆದರು. ಸವೇತಾ ಬದುಕಿದಳು. ಜೂನ್ ತಿಂಗಳಲ್ಲಿ, ಲಿಂಡನ್ ಮರಗಳು ಹೂಬಿಟ್ಟು ಹುಳುಗಳಿಗೆ ಬಿಡುವಿಲ್ಲದ ಹೊತ್ತಿನಲ್ಲಿ ಮನೆಗೆ ಬಂದಳು. ಬಲಗಾಲು ಎಳೆದು ನಡೆಯುತ್ತಾಳೆ. ಬಲಗೈ ಮಡಿಲಲ್ಲಿ ಬಿದ್ದಿರುತ್ತದೆ. ಊರಿನ ಎಲ್ಲರಿಗೂ ಅಡ್ಡಹೆಸರಿಟ್ಟವಳ ಬಾಯಲ್ಲಿ ಈಗ ಉಳಿದಿರುವುದು ನಾಲ್ಕೈದು ಮಾತು. ನೀರು ಬೇಕೆಂದರೂ "ಸರಿ" ಎನ್ನುತ್ತಾಳೆ, ಸಿಟ್ಟು ಬಂದರೂ "ಸರಿ" ಎನ್ನುತ್ತಾಳೆ. ಯಾವ "ಸರಿ" ಯಾವುದಕ್ಕೆ ಎಂದು ಕೊಸ್ತಾಕೆ ಮುಖ ನೋಡಿ ತಿಳಿದುಕೊಳ್ಳಬೇಕು.

ಗ್ಲಾಫಿರಾ ಒಂದು ತಿಂಗಳು ಆ ಮನೆಯ ಹೊಸಿಲು ತುಳಿಯಲಿಲ್ಲ. ಆಮೇಲೆ ಒಂದು ದಿನ ಬಂದು ಸವೇತಾಳ ಕಾಲ ಬಳಿ ನೆಲದ ಮೇಲೆ ಕೂತಳು. "ಸೊಪ್ಪಿಗೆ ಇಂಥ ಗುಣ ಇದೆ ಅಂತ ನಂಗೆ ಯಾರು ಹೇಳಿದ್ರು? ಒಲಿಂಪಿಯಾ ಹೇಳಿದ್ಲು, ನಾನು ನಗಾಡಿದೆ" ಎಂದು ತಾನೇ ಪ್ರಶ್ನೆ ಕೇಳಿ ತಾನೇ ಉತ್ತರ ಹೇಳಿಕೊಂಡಳು. ಸವೇತಾ ಎಡಗೈಯಿಂದ ಅವಳ ತಲೆಬಟ್ಟೆ ಸರಿಮಾಡಿ "ಸರಿ" ಎಂದಳು. ಈಗ ಗ್ಲಾಫಿರಾ ಯಾರಿಗೆ ಬೇರು ಕೊಡುವ ಮುಂಚೆಯೂ ಮೊದಲು ಕೇಳುವ ಪ್ರಶ್ನೆ, "ಯಾವ ಮಾತ್ರೆ ತಗೋತಿದ್ದೀಯ?"

ಕೊಸ್ತಾಕೆ ಪ್ರತಿ ತಿಂಗಳ ಮೊದಲ ಗುರುವಾರ ಹೆಂಡತಿಯನ್ನು ಬಸ್ಸು ಹತ್ತಿಸುತ್ತಾನೆ. ಬಿಸಿಲಿರಲಿ, ಮಳೆಯಿರಲಿ, ಜೇನು ಹಿಂಡುಬಿಟ್ಟು ಹಾರಿಹೋಗುತ್ತಿರಲಿ. ಪರೀಕ್ಷೆಯ ಸಾಲಿನಲ್ಲಿ ಕೂತ ಅಪರಿಚಿತರನ್ನು ತಾನಾಗಿ ಮಾತಾಡಿಸುತ್ತಾನೆ. ಮೂವತ್ನಾಲ್ಕು ವರ್ಷ ಆಡದ ಮಾತನ್ನೆಲ್ಲ ಈಗ ಆಡುತ್ತಿದ್ದಾನೆ ಎಂದು ಒಲಿಂಪಿಯಾ ಹೇಳುತ್ತಾಳೆ. ಅವನು ಅವರಿಗೆ ಹೇಳುವುದನ್ನೇ ನಿಮಗೂ ಹೇಳಬೇಕಾಗಿದೆ.

ನಿಮ್ಮ ಮನೆಯಲ್ಲಿ, ನೆರೆಯಲ್ಲಿ ಲೋಹದ ಕವಾಟ ಹಾಕಿಸಿಕೊಂಡವರು ಇದ್ದಾರೆಯೇ? ಅವರನ್ನು ಇವತ್ತೇ ಕೇಳಿ, ಕೊನೆಯ ರಕ್ತ ಪರೀಕ್ಷೆ ಯಾವಾಗ ಆಯಿತು ಎಂದು. ಮಾತ್ರೆ ತಪ್ಪದೆ ನುಂಗಿದರಷ್ಟೇ ಸಾಲದು, ಅದು ಕೆಲಸ ಮಾಡುತ್ತಿದೆಯೇ ಎಂದು ರಕ್ತವೇ ಹೇಳಬೇಕು. ವೈದ್ಯರು ಹೇಳಿದ ದಿನಕ್ಕೆ ಪರೀಕ್ಷೆ ಮಾಡಿಸಿ. ನಿಮ್ಮ ಹೊಲದಲ್ಲಿ ತುರಚೆ ಬೆಳೆಯದಿರಬಹುದು; ಪಾಲಕ್, ನುಗ್ಗೆ, ಹರಿವೆ, ಮೆಂತ್ಯ ಬೆಳೆಯುತ್ತವೆ. ಇವು ವಿಷವಲ್ಲ, ಬಿಡಬೇಕಾಗಿಲ್ಲ. ಆದರೆ ವಾರಕ್ಕೆ ಎಷ್ಟು ತಿನ್ನುತ್ತಿದ್ದಿರೋ ಅಷ್ಟನ್ನೇ ತಿನ್ನಿ. ವ್ರತ, ಉಪವಾಸ, ಪಥ್ಯ, ಕಷಾಯ, ಹೊಸ ನೋವಿನ ಮಾತ್ರೆ, ಹಲ್ಲು ಕೀಳಿಸುವುದು, ಇವುಗಳಲ್ಲಿ ಯಾವುದಕ್ಕೇ ಆಗಲಿ, ಶುರುಮಾಡುವ ಮುಂಚೆ ನಿಮ್ಮ ವೈದ್ಯರಿಗೆ ತಿಳಿಸಿ. ಹೆಪ್ಪು ತಡೆಯುವ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ನೀವಾಗಿ ಹೆಚ್ಚಿಸಲೂ ಬೇಡಿ. ವಸಡಿನಲ್ಲಿ, ಮೂತ್ರದಲ್ಲಿ ರಕ್ತ ಕಂಡರೆ, ಮಲ ಕಪ್ಪಾದರೆ ಕೂಡಲೇ ತೋರಿಸಿ. ಹೊಸದಾಗಿ ಉಸಿರು ಕಟ್ಟಿದರೆ, ಮಾತು ತೊದಲಿದರೆ, ಮುಖ ವಾಲಿದರೆ, ಕೈಕಾಲು ಸೋತರೆ ನಾಳೆ ಎನ್ನಬೇಡಿ, ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೊರಡಿ. ಕವಾಟದ ಸದ್ದು ಮಂದವಾದರೂ ಹಾಗೆಯೇ. ಪಕ್ಕದಲ್ಲಿ ಬದುಕುವವರೇ, ಆ ಸದ್ದು ಅವರಿಗಿಂತ ಮೊದಲು ಕೇಳಿಸುವುದು ನಿಮಗೆ. ಕೇಳಿಸಿದ್ದನ್ನು ಬಾಯಿಬಿಟ್ಟು ಹೇಳಿ.

ಕೊಸ್ತಾಕೆ ಈಗ ಸಾಲಿನಲ್ಲಿ ಕೂತವರಿಗೆ ಸೋಮವಾರದ ಸದ್ದಿನ ಸಂಗತಿಯನ್ನೂ ಹೇಳುತ್ತಾನೆ, ಮಂಗಳವಾರ ತಾನಾಡಿದ ಸುಳ್ಳನ್ನೂ ಹೇಳುತ್ತಾನೆ. ಆದರೆ ನಾಲ್ಕು ವರ್ಷದ ಮೇಲೆ ಮನೆ ಮೊದಲ ಸಲ ಹೆಚ್ಚುಕಡಿಮೆ ಸದ್ದಿಲ್ಲದೆ ಇದ್ದ ಆ ನಾಲ್ಕು ದಿನ ತನಗೆ ಹಿತವಾಗಿತ್ತು ಎಂಬುದನ್ನು ಅವನು ಯಾರಿಗೂ ಹೇಳಿಲ್ಲ.